ಸೈಡ್‌ಮೌಂಟ್ ಡೈವಿಂಗ್: ಸಿಲಿಂಡರ್ ಬೆನ್ನಿಗಲ್ಲ, ಪಕ್ಕಕ್ಕೆ!

ಸ್ಕೂಬಾ ಡೈವರ್ ಅಂದ ತಕ್ಷಣ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಚಿತ್ರವೇ ಕಣ್ಮುಂದೆ ಬರುತ್ತೆ, ಅಲ್ವಾ? ಆದರೆ ಮೆಕ್ಸಿಕೋದ ಯುಕಾಟಾನ್‌ನಲ್ಲಿ ನೀರು ತುಂಬಿದ ಸುಣ್ಣಕಲ್ಲಿನ ಗುಹೆಗಳಿಗೆ ಇಳಿಯುವ ಅನೇಕರು ಎರಡು ಸಿಲಿಂಡರ್‌ಗಳನ್ನು ಮೈಯ ಎರಡೂ ಪಕ್ಕಕ್ಕೆ ಕಟ್ಟಿಕೊಳ್ತಾರೆ. ಇದೇ ಸೈಡ್‌ಮೌಂಟ್. ಇಕ್ಕಟ್ಟಿನಲ್ಲಿ ನುಸುಳೋದು ಸುಲಭ. ವಾಲ್ವ್ ಕಣ್ಣಿಗೆ ಕಾಣುತ್ತೆ, ಕೈಗೂ ಸಿಗುತ್ತೆ. ಗಾಳಿ ಸೋರಿದರೆ ಕೂಡಲೇ ಬಂದ್ ಮಾಡಬಹುದು.

ಸರಿ, ಕಟ್ಟೋದು ಹೇಗೆ? ಹಿಡಿತ ಎರಡು ಕಡೆ ಇರಬೇಕು. ಮೇಲೆ, ಬಂಜಿ ಅನ್ನೋ ಎಲಾಸ್ಟಿಕ್ ಹಗ್ಗ ವಾಲ್ವನ್ನು ಕಂಕುಳ ಹತ್ತಿರ ಎಳೆದು ಹಿಡಿಯುತ್ತೆ. ಕೆಳಗೆ, ಸಿಲಿಂಡರ್‌ಗೆ ಬಿಗಿದ ಪಟ್ಟಿಯಲ್ಲಿರುವ ಕೊಕ್ಕೆಯನ್ನು ಸೊಂಟದ ಹಿಂಭಾಗದ ರಿಂಗ್‌ಗೆ ಸಿಕ್ಕಿಸಬೇಕು. ಆಗ ಸಿಲಿಂಡರ್ ಮೈಗೆ ಸಮಾನಾಂತರವಾಗಿ ನಿಲ್ಲುತ್ತೆ.

ಇಲ್ಲಿಗೆ ಮುಗೀತಾ? ಇಲ್ಲ. 11 ಲೀಟರ್‌ನ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ ತುಂಬಿರೋ ಗಾಳಿಯದ್ದೇ ಎರಡೂವರೆ ಕೆಜಿಗಿಂತ ಹೆಚ್ಚು ತೂಕ. ಉಸಿರಾಡಿದಷ್ಟೂ ಸಿಲಿಂಡರ್ ಹಗುರಾಗಿ, ಅದರ ಬುಡ ಮೇಲಕ್ಕೆ ತೇಲುತ್ತೆ. ಅದು ಗುಹೆಯ ಚಾವಣಿಗೆ ತಾಗಿ ಪುಡಿ ಉದುರಿದ್ರೆ ನೀರು ಕದಡಿ ದಾರಿಯೇ ಕಾಣಲ್ಲ!

ಅದಕ್ಕೇ ಡೈವ್ ನಡುವೆ ಕೆಳಗಿನ ಕೊಕ್ಕೆಯನ್ನು ಬಿಚ್ಚಿ, ಸೊಂಟಪಟ್ಟಿಯ ಮುಂಭಾಗದ ರಿಂಗ್‌ಗೆ ಹಾಕ್ತಾರೆ. ಬುಡ ಮತ್ತೆ ಕೆಳಗಿಳಿಯುತ್ತೆ. ಎರಡೂ ಸಿಲಿಂಡರ್‌ಗಳಿಂದ ಸರದಿಯಂತೆ ಉಸಿರಾಡಿದರೆ ಮೈ ಒಂದೇ ಕಡೆ ವಾಲಲ್ಲ. ಉಕ್ಕಿನ ಸಿಲಿಂಡರ್ ಸಾಮಾನ್ಯವಾಗಿ ಖಾಲಿಯಾದರೂ ತೇಲಲ್ಲ, ಅದನ್ನು ಕಟ್ಟುವ ಲೆಕ್ಕವೇ ಬೇರೆ.

ನೆನಪಿಡಿ, ಶುರುವಿನಲ್ಲಿ ಸರಿಯಿದ್ದ ಸಿಲಿಂಡರ್ ಕೊನೆವರೆಗೂ ಹಾಗೇ ಇರುತ್ತೆ ಅಂದ್ಕೋಬೇಡಿ. ಕಣ್ಣುಮುಚ್ಚಿ ಕೊಕ್ಕೆ ಬದಲಿಸೋದನ್ನು ತರಬೇತುದಾರರ ಜೊತೆ, ತೆರೆದ ನೀರಿನಲ್ಲೇ ಮೊದಲು ಕಲೀರಿ. ಗುಹೆ ಆಮೇಲೆ.