ಬಾವಿಯ ನೀರಿನಲ್ಲಿ ಕರಗಿರುವ ಕಬ್ಬಿಣವನ್ನು ಬಣ್ಣದಿಂದ ಅಳೆಯುವ ಕ್ರಮ

ಕೊಳವೆಬಾವಿಯಿಂದ ಆಗತಾನೆ ಎತ್ತಿದ ನೀರು ಎಷ್ಟೋ ವೇಳೆ ಸ್ಫಟಿಕದಂತೆ ತಿಳಿಯಾಗಿರುತ್ತದೆ. ಅದೇ ನೀರನ್ನು ಒಂದು ರಾತ್ರಿ ಕೊಡದಲ್ಲಿಟ್ಟರೆ ತಳದಲ್ಲಿ ಕಾವಿಬಣ್ಣದ ಗಸಿ ನಿಲ್ಲುವುದುಂಟು. ಅಂತಹ ನೀರಿನಿಂದ ಒಗೆದ ಬಟ್ಟೆಗೆ ಕಲೆ ಹತ್ತುತ್ತದೆ. ಹನಿ ನೀರಾವರಿಯ ಸಣ್ಣ ರಂಧ್ರಗಳು ಕಟ್ಟಿಕೊಂಡು ಗಿಡಗಳು ಬಾಡುತ್ತವೆ. ಇದಕ್ಕೆ ಕಾರಣವು ನೀರಿನಲ್ಲಿ ಕರಗಿರುವ ಕಬ್ಬಿಣವು. ಹಣ ವೆಚ್ಚಮಾಡಿ ಕೊಳವೆಗಳನ್ನು ಹಾಕಿಸುವುದಕ್ಕೆ ಮುಂಚೆಯೇ ಇದರ ಪ್ರಮಾಣವನ್ನು ತಿಳಿಯುವುದು ಅವಶ್ಯಕವು.

ತಿಳಿನೀರನ್ನು ನಂಬಲಾಗದ ಕಾರಣ

ಕಬ್ಬಿಣವು ನೀರಿನಲ್ಲಿ ಎರಡು ಅವಸ್ಥೆಗಳಲ್ಲಿರುತ್ತದೆ. ಗಾಳಿಯಿಲ್ಲದ ಭೂಗರ್ಭದಲ್ಲಿ ಅದು ಫೆರಸ್ ಎಂಬ ಅವಸ್ಥೆಯಲ್ಲಿ ಕರಗಿದ್ದು ಕಣ್ಣಿಗೆ ಕಾಣದು. ಮೇಲೆ ಬಂದು ಗಾಳಿ ಸೋಕಿದೊಡನೆ ಫೆರಿಕ್ ಅವಸ್ಥೆಗೆ ತಿರುಗಿ, ತುಕ್ಕಿನಂತಹ ಗಸಿಯಾಗಿ ಕೆಳಗಿಳಿಯುತ್ತದೆ. ಆದಕಾರಣ ನೀರಿನ ನೋಟವೇ ಪರೀಕ್ಷೆಯಾಗಲಾರದು.

ಬಣ್ಣವು ಉಂಟಾಗುವ ಬಗೆ

ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಸೇರಿಸಿ ಕಪ್ಪು ಶಾಯಿಯನ್ನು ಮಾಡುವ ಕ್ರಮವು ಹಿಂದಿನವರಿಗೆ ತಿಳಿದಿತ್ತು. ಅನ್ನಭೇದಿಯು ಕಬ್ಬಿಣದ ಲವಣವು. ಕಷಾಯದ ಒಗರು ಅದರೊಡನೆ ಕೂಡಿ ಕಪ್ಪಾಗುತ್ತದೆ. ರಾಸಾಯನಿಕ ಪರೀಕ್ಷೆಯ ತತ್ತ್ವವೂ ಇದೇ.

ಥಯೋಸಯನೇಟ್ ಎಂಬ ದ್ರವ್ಯವು ಫೆರಿಕ್ ಕಬ್ಬಿಣದೊಡನೆ ರಕ್ತವರ್ಣವನ್ನು ಕೊಡುತ್ತದೆ. ಆದರೆ ಆ ಬಣ್ಣವು ಬೇಗ ಮಾಸುತ್ತದೆ. ಫೆನಾಂತ್ರೊಲಿನ್ ಎಂಬುದು ಫೆರಸ್ ಕಬ್ಬಿಣದೊಡನೆ ಕಿತ್ತಳೆಗೆಂಪು ಬಣ್ಣವನ್ನು ಕೊಡುತ್ತದೆ. ಕಬ್ಬಿಣದ ಒಂದೊಂದು ಕಣಕ್ಕೂ ಇದರ ಮೂರು ಅಣುಗಳು ಕೂಡಿಕೊಳ್ಳುತ್ತವೆ. ಈ ಬಣ್ಣವು ಬಹುಕಾಲ ನಿಲ್ಲುವುದರಿಂದ ಅಳತೆಗೆ ಇದೇ ಮೇಲು. ಕಬ್ಬಿಣವು ಹೆಚ್ಚಿದಷ್ಟೂ ಬಣ್ಣವು ಅದೇ ಪ್ರಮಾಣದಲ್ಲಿ ಗಾಢವಾಗುತ್ತದೆ.

ಪರೀಕ್ಷೆಯ ಕ್ರಮ

1. ಕೊಳವೆಯಲ್ಲಿ ನಿಂತಿದ್ದ ನೀರು ಹೊರಹೋಗುವವರೆಗೆ ಪಂಪನ್ನು ನಡೆಸಿ, ಅನಂತರ ಶುದ್ಧವಾದ ಗಾಜಿನ ಪಾತ್ರೆಯಲ್ಲಿ ನೀರನ್ನು ಹಿಡಿಯತಕ್ಕದ್ದು. ಕಬ್ಬಿಣದ ಪಾತ್ರೆಯನ್ನು ಉಪಯೋಗಿಸಕೂಡದು.

2. ಬಾವಿಯ ಬಳಿಯಲ್ಲಿಯೇ, ತಡಮಾಡದೆ, ನೀರನ್ನು ಶೋಧನ ಕಾಗದದಿಂದ ಸೋಸಿ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸತಕ್ಕದ್ದು. ಆಮ್ಲವು ಕಬ್ಬಿಣವು ಗಸಿಯಾಗದಂತೆ ತಡೆಯುತ್ತದೆ. ಸೋಸುವುದಕ್ಕೆ ಮುಂಚೆ ಆಮ್ಲ ಹಾಕಿದರೆ ತೇಲುತ್ತಿರುವ ತುಕ್ಕೂ ಕರಗಿ ಲೆಕ್ಕ ತಪ್ಪುತ್ತದೆ.

3. ಹೈಡ್ರಾಕ್ಸಿಲಮೀನ್ ದ್ರವವನ್ನು ಸೇರಿಸಿದರೆ ಫೆರಿಕ್ ಅವಸ್ಥೆಗೆ ತಿರುಗಿದ್ದ ಅಂಶವೂ ಫೆರಸ್ ಆಗುತ್ತದೆ. ಬಳಿಕ ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸುವ ಅಸಿಟೇಟ್ ದ್ರವವನ್ನೂ, ಕಡೆಗೆ ಫೆನಾಂತ್ರೊಲಿನನ್ನೂ ಹಾಕಿ ಹತ್ತು ನಿಮಿಷ ಬಿಡತಕ್ಕದ್ದು.

4. ಕಬ್ಬಿಣದ ಪ್ರಮಾಣ ಗೊತ್ತಿರುವ ನೀರುಗಳನ್ನು ಇದೇ ರೀತಿ ಬಣ್ಣಗೊಳಿಸಿ ಸಾಲಾಗಿಟ್ಟು, ಬಿಳಿಯ ಕಾಗದದ ಮೇಲೆ ಹೋಲಿಸತಕ್ಕದ್ದು. ಯಾವುದರ ಬಣ್ಣಕ್ಕೆ ಸರಿಹೊಂದುವುದೋ ಅದೇ ಪ್ರಮಾಣವು. ಪ್ರಯೋಗಶಾಲೆಗಳಲ್ಲಿ ಇದನ್ನೇ ಬೆಳಕಿನ ಯಂತ್ರದಿಂದ, 510 ನ್ಯಾನೊಮೀಟರ್ ತರಂಗದಲ್ಲಿ ಅಳೆಯುತ್ತಾರೆ.

ಪರೀಕ್ಷೆಯ ದ್ರವಗಳು ವಿಷಕರವಾದವು. ಬಣ್ಣ ಬಂದ ನೀರನ್ನು ಮಕ್ಕಳಿಗಾಗಲಿ ದನಕರುಗಳಿಗಾಗಲಿ ಸಿಗದಂತೆ ನೋಡಿಕೊಳ್ಳಬೇಕು. ಬಾವಿಯ ಕಡೆಗೆ ಚೆಲ್ಲಕೂಡದು.

ಫಲವನ್ನು ತಿಳಿಯುವ ಬಗೆ

ಲೀಟರಿಗೆ 0.3 ಮಿಲಿಗ್ರಾಂ ಮೀರಿದರೆ ಬಟ್ಟೆಗಳಿಗೆ ಕಲೆಯಾಗುವ ಸಂಭವವುಂಟು. 1.5 ಮಿಲಿಗ್ರಾಂ ಮೀರಿದ ನೀರು ಹನಿ ನೀರಾವರಿಯ ರಂಧ್ರಗಳನ್ನು ಕಟ್ಟುವುದರಲ್ಲಿ ಬಹು ತೀವ್ರವಾದುದು. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 10,000 ಲೀಟರ್ ಎತ್ತಿದರೆ 20 ಗ್ರಾಂ ಕಬ್ಬಿಣವು ಹೊಲಕ್ಕೆ ಬರುತ್ತದೆ. ನೂರು ದಿನಗಳಲ್ಲಿ ಅದು 2 ಕಿಲೋಗ್ರಾಂ. ಕೂದಲೆಳೆಯಷ್ಟು ಸಣ್ಣ ದಾರಿಗಳನ್ನು ಮುಚ್ಚಲು ಇದರ ಅಲ್ಪಾಂಶವೂ ಸಾಕು.

ಪ್ರಮಾಣ ಹೆಚ್ಚಾಗಿದ್ದರೆ ಬಾವಿಯನ್ನು ಬಿಡಬೇಕಾದುದಿಲ್ಲ. ನೀರನ್ನು ಎತ್ತರದಿಂದ ತೊಟ್ಟಿಗೆ ಧುಮುಕಿಸಿ ಗಾಳಿ ಸೋಕಿಸಿ, ಗಸಿಯು ತಂಗಲು ಬಿಟ್ಟು, ಮರಳಿನ ಮೂಲಕ ಸೋಸಿ ಉಪಯೋಗಿಸಬಹುದು. ಅನಂತರ ಅದೇ ಪರೀಕ್ಷೆಯನ್ನು ತಿರುಗಿ ಮಾಡಿದರೆ ಸೋಸುವಿಕೆಯು ಸಾಲುವುದೋ ಇಲ್ಲವೋ ತಿಳಿಯುತ್ತದೆ.

ಗ್ರಾಮದ ಮುಖಂಡರು ಊರಿನ ಒಂದೊಂದು ಬಾವಿಯ ಪರೀಕ್ಷೆಯನ್ನೂ ಬೇಸಗೆಯಲ್ಲಿ ಒಮ್ಮೆ, ಮಳೆಗಾಲದ ತರುವಾಯ ಒಮ್ಮೆ ಮಾಡಿಸಿ, ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡುವುದು ಉತ್ತಮವು. ಹೊಸದಾಗಿ ಕೊಳವೆ ಹಾಕಿಸುವ ರೈತನಿಗೆ ನೆರೆಯ ಬಾವಿಯ ಲೆಕ್ಕವೇ ಮೊದಲನೆಯ ಎಚ್ಚರಿಕೆಯಾಗುವುದು.