ನಡೆದರೆ ಕಾಲು ಜೋಮು, ಬಗ್ಗಿದರೆ ಆರಾಮ: ಬೆನ್ನಿನ ನೆಟಿಗೆ ತೆಗೆಸುವ ಮುನ್ನ ಇದು ಗೊತ್ತಿರಲಿ

ಮನೆಯಿಂದ ಬಸ್ ಸ್ಟ್ಯಾಂಡ್‌ಗೆ ನಡೆಯುವಷ್ಟರಲ್ಲಿ ಎರಡೂ ಕಾಲು ಭಾರ, ಜೋಮು. ಎಲ್ಲಾದ್ರೂ ಕಟ್ಟೆ ಸಿಕ್ಕಿ ಕೂತರೆ ಸ್ವಲ್ಪ ಹೊತ್ತಲ್ಲೇ ಸರಿ. ಎದ್ದು ನಡೆದರೆ ಮತ್ತೆ ಅದೇ ಕಥೆ. ಆದರೆ ಅದೇ ಮನುಷ್ಯ ಸೈಕಲ್ ತುಳಿದುಕೊಂಡು ಹೊಲಕ್ಕೆ ಆರಾಮಾಗಿ ಹೋಗಿ ಬರ್ತಾರೆ. ಮನೆಯವರಿಗೆ ಇದು ನಾಟಕ ಅನ್ನಿಸುತ್ತೆ. ನಾಟಕ ಅಲ್ಲ. ಅರವತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣುವ ಈ ತೊಂದರೆಗೆ ಸ್ಪೈನಲ್ ಸ್ಟೆನೋಸಿಸ್ ಅಂತಾರೆ.

ಬೆನ್ನುಮೂಳೆಯೊಳಗೆ ನರಗಳು ಹಾದುಹೋಗುವ ಕೊಳವೆಯಂಥ ಜಾಗ ಇದೆ. ವಯಸ್ಸಾದಂತೆ ಡಿಸ್ಕ್ ಉಬ್ಬುತ್ತದೆ, ಕೀಲಿನ ಅಂಚಲ್ಲಿ ಮೂಳೆ ಬೆಳೆಯುತ್ತದೆ, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ದಪ್ಪಗಾಗುತ್ತದೆ. ಜಾಗ ಕಿರಿದಾಗಿ ನರ ಒತ್ತಿಕೊಳ್ಳುತ್ತದೆ. ನೆಟ್ಟಗೆ ನಿಂತರೆ ಸೊಂಟದ ಹತ್ತಿರ ಆ ಜಾಗ ಇನ್ನಷ್ಟು ಕಿರಿದು, ಮುಂದಕ್ಕೆ ಬಗ್ಗಿದರೆ ತುಸು ಅಗಲ. ಸೈಕಲ್ ಹ್ಯಾಂಡಲ್ ಹಿಡಿದು ಬಗ್ಗಿದಾಗ ಆರಾಮ ಸಿಗೋದು ಇದಕ್ಕೇ.

ಕಾಲಿನ ರಕ್ತನಾಳ ಕಟ್ಟಿಕೊಂಡರೂ ನಡೆಯುವಾಗ ನೋವು ಬರುತ್ತೆ. ಆದರೆ ಅವರಿಗೆ ಸುಮ್ಮನೆ ನಿಂತರೂ ನೋವು ಇಳಿಯುತ್ತೆ, ಸ್ಟೆನೋಸಿಸ್‌ನವರು ಕೂರಬೇಕು ಇಲ್ಲಾ ಬಗ್ಗಬೇಕು. ಬೀಡಿ-ಸಿಗರೇಟು ಸೇದುವವರು, ಶುಗರ್ ಇರುವವರು ರಕ್ತನಾಳವನ್ನೂ ತೋರಿಸಿಕೊಳ್ಳೋದು ಒಳ್ಳೇದು.

ಈಗ ಮೊಬೈಲ್ ತೆಗೆದರೆ ಬೆನ್ನು ಲಟಕ್ ಅನ್ನಿಸುವ ರೀಲ್ಸ್‌ಗಳದ್ದೇ ಹಾವಳಿ. ಕೈಯಿಂದಲೇ ಬೆನ್ನಿಗೆ ಚಿಕಿತ್ಸೆ ಕೊಡುವ ಈ ಕೈರೋಪ್ರಾಕ್ಟಿಕ್ ಪದ್ಧತಿ ಶುರುವಾಗಿದ್ದು 1895ರಲ್ಲಿ, ಅಮೆರಿಕದಲ್ಲಿ. ಲಟಕ್ ಸದ್ದು ಕೇಳಿದ ಕೂಡಲೇ 'ಜಾರಿದ್ದ ಮೂಳೆ ಕೂತ್ಕೊಂತು' ಅಂತ ಜನ ಖುಷಿಪಡ್ತಾರೆ. ಅದು ಕೀಲಿನ ದ್ರವದೊಳಗೆ ಗಾಳಿಗುಳ್ಳೆ ಏಳುವ ಸದ್ದು, ಅಷ್ಟೇ. ಬೆಳೆದ ಮೂಳೆ ಅದರಿಂದ ಕರಗಲ್ಲ, ಕಿರಿದಾದ ಜಾಗ ಅಗಲ ಆಗಲ್ಲ.

ಹಾಗಾದ್ರೆ ಎಲ್ಲಾ ಸುಳ್ಳಾ? ಅದೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅರವತ್ತು ದಾಟಿದ 259 ಸ್ಟೆನೋಸಿಸ್ ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾತ್ರೆ-ಇಂಜೆಕ್ಷನ್, ಇನ್ನೊಂದಕ್ಕೆ ಗುಂಪು ವ್ಯಾಯಾಮ, ಮೂರನೆಯದಕ್ಕೆ ಕೈ ಚಿಕಿತ್ಸೆ ಜೊತೆಗೆ ಅವರವರಿಗೆ ತಕ್ಕ ವ್ಯಾಯಾಮ. ಎರಡು ತಿಂಗಳ ಹೊತ್ತಿಗೆ ಮೂರನೇ ಗುಂಪಿನವರು ಹೆಚ್ಚು ಸುಧಾರಿಸಿದ್ದರು. ಆರು ತಿಂಗಳಿಗೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ. ಅಂದರೆ ಆರಾಮ ಬೇಗ ಸಿಗಬಹುದು, ಶಾಶ್ವತ ಪರಿಹಾರ ಅಂತ ಹೇಳಿ ದುಡ್ಡು ಕಟ್ಟಿಸಿಕೊಂಡರೆ ನಂಬಬೇಡಿ. ಅಲ್ಲಿ ಕೈ ಚಿಕಿತ್ಸೆ ಜೊತೆ ವ್ಯಾಯಾಮವೂ ಇತ್ತು ಅನ್ನೋದನ್ನ ರೀಲ್ಸ್‌ನವರು ಹೇಳಲ್ಲ.

ವ್ಯಾಯಾಮ ಕಷ್ಟದ್ದೇನಲ್ಲ. ಅಂಗಾತ ಮಲಗಿ ಮೊಣಕಾಲು ಎದೆಗೆ ಎಳೆದುಕೊಳ್ಳುವುದು, ಸೈಕಲ್ ತುಳಿಯುವುದು, ಹೊಟ್ಟೆಯ ಸ್ನಾಯು ಗಟ್ಟಿ ಮಾಡುವುದು. ಯಾವುದು, ಎಷ್ಟು ಅಂತ ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತರೆ ಆಮೇಲೆ ಮನೆಯಲ್ಲೇ ಮಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇದೆಯಾ ಅಂತ ಮೊದಲು ಕೇಳಿ, ಪ್ರೈವೇಟ್ ಪ್ಯಾಕೇಜ್ ವಿಚಾರ ಆಮೇಲೆ.

ಕೈ ಚಿಕಿತ್ಸೆ ಮಾಡಿಸಲೇಬೇಕು ಅಂದರೆ ಮಾಡುವವರ ಓದು ಏನು ಅಂತ ಕೇಳಿ, ಸಂಕೋಚ ಬೇಡ. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೇ ಅಂತ ಪ್ರತ್ಯೇಕ ಕಾನೂನು ಇಲ್ಲ, ಹಾಗಾಗಿ ಬೋರ್ಡ್ ಯಾರು ಬೇಕಾದ್ರೂ ಹಾಕಬಹುದು ಅನ್ನೋ ಪರಿಸ್ಥಿತಿ. ಮೂಳೆ ಟೊಳ್ಳಾಗಿರುವ ವಯಸ್ಸಾದ ಹೆಂಗಸರಿಗೆ ಜೋರಾಗಿ ಒತ್ತಿದರೆ ಮೂಳೆ ಮುರಿಯುವ ಅಪಾಯ ಇದೆ.

ಕುತ್ತಿಗೆಯಲ್ಲೂ ಸ್ಟೆನೋಸಿಸ್ ಆಗುತ್ತೆ. ಅಂಗಿ ಗುಂಡಿ ಹಾಕೋಕೆ ಬೆರಳು ಕೇಳ್ತಿಲ್ಲ, ನಡೆಯುವಾಗ ತೂರಾಡ್ತಾರೆ ಅಂದ್ರೆ ಕುತ್ತಿಗೆ ತಿರುಗಿಸಲು ಯಾರಿಗೂ ಬಿಡಬೇಡಿ, ನೇರ ಮೂಳೆ ಅಥವಾ ನರ ತಜ್ಞರ ಹತ್ತಿರ ಹೋಗಿ. ಮೂತ್ರ ಕಟ್ಟಿಕೊಂಡಿದ್ದರೆ ಅಥವಾ ಗೊತ್ತಿಲ್ಲದೆ ಹೋಗ್ತಿದ್ದರೆ, ಮಲದ ಮೇಲೆ ಹಿಡಿತ ತಪ್ಪಿದ್ದರೆ, ತೊಡೆಸಂದು ಮರಗಟ್ಟಿದ್ದರೆ, ಕಾಲಿನ ಶಕ್ತಿ ದಿಢೀರ್ ಕುಂದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಆಗ ತಡವಾದಷ್ಟೂ ನರಕ್ಕೆ ಆಗುವ ಹಾನಿ ಖಾಯಂ ಆಗಿ ಉಳಿಯುವ ಸಾಧ್ಯತೆ ಜಾಸ್ತಿ.