ಗೋಳಗುಮ್ಮಟದ ಗೆರೆಗೆ ಯಾವ ಪೆನ್ಸಿಲ್?

ವಿಜಯಪುರದ ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅದನ್ನು 200ರಲ್ಲಿ ಒಂದು ಪಾಲಿಗೆ ಇಳಿಸಿದರೆ ಹಾಳೆಯ ಮೇಲೆ 22 ಸೆಂಟಿಮೀಟರಿನ ವೃತ್ತ. ಈ ಅಳತೆಯಲ್ಲಿ ಗೆರೆ ಅರ್ಧ ಮಿಲಿಮೀಟರ್ ಅತ್ತಿತ್ತ ಸರಿದರೆ ಕಟ್ಟಡದಲ್ಲಿ 10 ಸೆಂಟಿಮೀಟರ್ ಲೆಕ್ಕ ತಪ್ಪಿದಂತೆ. ಒಳಗಿನ ನಕ್ಷೆ ಇನ್ನೂ ಕಠಿಣ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಲೆಕ್ಕದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಗುಮ್ಮಟವನ್ನು ಹೊತ್ತಿವೆ. ಪೆನ್ಸಿಲಿನ ಮೊನೆ ಮೊಂಡಾದರೆ ಅವು ಕೂಡುವ ಬಿಂದುವೇ ಜಾರಿಹೋಗುತ್ತದೆ.

ಇಲ್ಲಿನ ಸ್ಮಾರಕಗಳನ್ನು ಅಳೆದು ಬರೆದ ನಕ್ಷೆಗಳ ದೊಡ್ಡ ಸಂಪುಟವೊಂದು 1859ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕ್ಯಾಪ್ಟನ್ ಹಾರ್ಟ್, ಎಂಜಿನಿಯರ್ ಕಮಿಂಗ್ ಅವರ ಜೊತೆ ದೇಶೀಯ ನಕ್ಷೆಗಾರರೂ ಅದಕ್ಕಾಗಿ ದುಡಿದಿದ್ದರು. ಆ ಕೈಗಳಿಗೂ ಸಲ್ಲಬೇಕಾದ ಗೌರವ ದೊಡ್ಡದು.

ಅಂಥ ಗೆರೆಗೆ ಇಂದು ಎರಡು ಸಾಧನಗಳಿವೆ: ಮರದ ಪೆನ್ಸಿಲ್ ಮತ್ತು ಕ್ಲಚ್ ಪೆನ್ಸಿಲ್. ಎರಡರ ಒಳಗೂ ಇರುವುದು ಗ್ರಾಫೈಟ್, ಅಂದರೆ ಇಂಗಾಲ. ಅದರ ಪರಮಾಣುಗಳು ಬುಟ್ಟಿಯಲ್ಲಿ ಪೇರಿಸಿದ ಕಟಕ ರೊಟ್ಟಿಯಂತೆ ಪದರ ಪದರವಾಗಿವೆ. ಒಂದೊಂದು ಪದರವೂ ಗಟ್ಟಿ. ಪದರ ಪದರಗಳ ನಡುವಿನ ಹಿಡಿತ ಮಾತ್ರ ಸಡಿಲ. ಕಾಗದದ ಉಬ್ಬುತಗ್ಗುಗಳಿಗೆ ಉಜ್ಜಿದಾಗ ಚಕ್ಕೆಗಳು ಕಳಚಿ ಅಲ್ಲೇ ಉಳಿಯುತ್ತವೆ. ಅದೇ ನಮ್ಮ ಕಣ್ಣಿಗೆ ಗೆರೆ. ಫ್ರಾನ್ಸಿನ ನಿಕೋಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಹೆಚ್ಚಿದರೆ ಗಟ್ಟಿಯಾದ, ತೆಳು ಬಣ್ಣದ 2ಎಚ್, 4ಎಚ್. ಗ್ರಾಫೈಟ್ ಹೆಚ್ಚಿದರೆ ಮೆತ್ತಗಿನ, ಕಡುಗಪ್ಪಿನ 4ಬಿ, 6ಬಿ.

ಮಕ್ಕಳ ಪೆನ್ ಪೆನ್ಸಿಲೇ ಬೇರೆ, ಕ್ಲಚ್ ಪೆನ್ಸಿಲೇ ಬೇರೆ. ಮೊದಲನೆಯದರ ಕಡ್ಡಿ ಅರ್ಧ ಮಿಲಿಮೀಟರಿನ ಎಳೆ. ಕ್ಲಚ್ಚಿನದು ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪ, ಸುಮಾರು 13 ಸೆಂಟಿಮೀಟರ್ ಉದ್ದ. ಹಿಂದಿನ ಗುಂಡಿ ಒತ್ತಿದರೆ ಮುಂದಿನ ಲೋಹದ ಹಿಡಿಕೆ ಬಾಯಿ ತೆರೆದು ಕಡ್ಡಿ ಕೆಳಗೆ ಜಾರುತ್ತದೆ. ಬಿಟ್ಟರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇದು ಹೊಸ ಕಾಲದ ಉಪಾಯ ಎಂದುಕೊಳ್ಳುವವರೇ ಹೆಚ್ಚು. ಆದರೆ 1565ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ವಾಂಸ ಕಾನ್ರಾಡ್ ಗೆಸ್ನರ್ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಪೆನ್ಸಿಲಿನ ಚಿತ್ರದಲ್ಲಿ ಇರುವುದೂ ಕಡ್ಡಿ ಸಿಕ್ಕಿಸಿದ ಒಂದು ಹಿಡಿಕೆಯೇ!

ಅಳತೆಯ ನಕ್ಷೆಗೆ ಕ್ಲಚ್ಚೇ ಮೇಲು. ಮರದ ಪೆನ್ಸಿಲ್ ಕೆತ್ತಿದಷ್ಟೂ ಗಿಡ್ಡವಾಗುತ್ತದೆ, ತೂಕ ಬದಲಾಗುತ್ತದೆ, ಬೆರಳಿನ ಹಿಡಿತವೂ ಬದಲಾಗುತ್ತದೆ. ಕ್ಲಚ್ಚಿನ ಉದ್ದ ಮೊದಲ ದಿನ ಇದ್ದಷ್ಟೇ. ಅದರ ಪುಟ್ಟ ಶಾರ್ಪ್‌ನರ್ ಮರವನ್ನು ಮುಟ್ಟುವ ಮಾತೇ ಇಲ್ಲ, ಕಡ್ಡಿಯನ್ನಷ್ಟೇ ಸೂಜಿಯಂತೆ ಮೊನೆ ಮಾಡುತ್ತದೆ. ಸ್ಕೇಲಿನ ಅಂಚಿಗೆ ಒತ್ತಿ ಎಳೆಯುವಾಗ ಪೆನ್ಸಿಲನ್ನು ನಿಧಾನಕ್ಕೆ ತಿರುಗಿಸುತ್ತ ಹೋದರೆ ಮೊನೆ ಎಲ್ಲ ಕಡೆ ಸಮನಾಗಿ ಸವೆದು ಗೆರೆಯ ದಪ್ಪ ಉಳಿಯುತ್ತದೆ.

ಹಾಗಾದರೆ ಮರದ ಪೆನ್ಸಿಲ್ ಯಾಕೆ? ಬಾರಾ ಕಮಾನಿನ ಮುಂದೆ ಕುಳಿತವರಿಗೆ ಗೊತ್ತು. ಎರಡನೇ ಅಲಿ ಆದಿಲ್ ಶಾಹನ ಆ ಅಪೂರ್ಣ ಸಮಾಧಿಯ ಕಪ್ಪು ಕಮಾನುಗಳು ಬಿಸಿಲಿನ ಬಿಳಿ ಆಕಾಶದ ಎದುರು ನಿಂತಿವೆ. ಅಲ್ಲಿ ಬೇಕಾದದ್ದು ಗೆರೆಯಲ್ಲ, ನೆರಳು. 6ಬಿ ಪೆನ್ಸಿಲನ್ನು ಬ್ಲೇಡಿನಿಂದ ಉದ್ದಕ್ಕೆ ಕೆತ್ತಿ, ಅಡ್ಡ ಮಲಗಿಸಿ ತಿಕ್ಕಿದರೆ ಒಂದೇ ಎಳೆತಕ್ಕೆ ಅಗಲ ಪಟ್ಟಿ ಬೀಳುತ್ತದೆ. ಕ್ಲಚ್ಚಿನ ಕಡ್ಡಿಯನ್ನೂ ಅಷ್ಟೇ ಉದ್ದ ಹೊರಗೆಳೆಯಬಹುದು, ಆದರೆ ಅದು ಪಟ್ಟನೆ ಮುರಿಯುತ್ತದೆ. ಇದಕ್ಕೆ ಭೌತಶಾಸ್ತ್ರದ ಕಾರಣವಿದೆ: ಒಂದು ತುದಿ ಹಿಡಿದ ದುಂಡು ಕಡ್ಡಿಯನ್ನು ಬಾಗಿಸಿದಾಗ ಬುಡದಲ್ಲಿ ಹುಟ್ಟುವ ಒತ್ತಡ ಅದರ ವ್ಯಾಸದ ಘನಕ್ಕೆ ವಿಲೋಮ. ವ್ಯಾಸ 2ರಿಂದ 4 ಮಿಲಿಮೀಟರಿಗೆ ಏರಿದರೆ ಅದೇ ಉದ್ದ, ಅದೇ ಬಲಕ್ಕೆ ಒತ್ತಡ ಎಂಟನೇ ಒಂದು ಭಾಗ. ಮರದ ಮೆತ್ತಗಿನ ಪೆನ್ಸಿಲುಗಳಲ್ಲಿ ದಪ್ಪ ಕಡ್ಡಿ ಇಡುವುದು ಇದೇ ಕಾರಣಕ್ಕೆ. ಅದಕ್ಕೆ ಅಂಟಿಕೊಂಡ ಮರವೂ ಆಸರೆ ಕೊಡುತ್ತದೆ. 5.6 ಮಿಲಿಮೀಟರ್ ಕಡ್ಡಿಯ ದಪ್ಪ ಕ್ಲಚ್ಚುಗಳು ಈ ಕೊರತೆಯನ್ನು ತುಂಬಿವೆ, ಆದರೆ ಬೆಲೆ ಹೆಚ್ಚು. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಎಚ್‌ಬಿ, 2ಬಿ, 6ಬಿ ಮರದ ಪೆನ್ಸಿಲುಗಳು ಧಾರಾಳ ಸಾಕು.

ತಿಕೋಟಾ, ಬಬಲೇಶ್ವರದ ಕಡೆ ಹೋದರೆ ಎರಡೂ ಜೇಬಿನಲ್ಲಿರಲಿ. ದ್ರಾಕ್ಷಿ ತೋಟದ ಕಂಬ, ತಂತಿಗಳು ದೂರದಲ್ಲಿ ಒಂದೇ ಬಿಂದುವಿನತ್ತ ಓಡುತ್ತವೆ; ಒಣದ್ರಾಕ್ಷಿ ಶೆಡ್ಡಿನ ಬಲೆಗಳು ಅಂತಸ್ತು ಅಂತಸ್ತಾಗಿ ತೂಗುತ್ತವೆ. ಇವಕ್ಕೆ 2ಎಚ್ ಕ್ಲಚ್. ಬಳ್ಳಿಯ ಬುಡದ ಸುಲಿದ ತೊಗಟೆಗೆ, ಎಲೆಯಡಿಯ ಕತ್ತಲಿಗೆ, ಬಿರುಕು ಬಿಟ್ಟ ಎರೆಮಣ್ಣಿಗೆ ಮರದ 4ಬಿ, 6ಬಿ. ಕ್ರಮ ಮಾತ್ರ ತಪ್ಪಬಾರದು: ಗಟ್ಟಿ ಕಡ್ಡಿ ಮೊದಲು, ಮೆತ್ತನೆಯದು ಆಮೇಲೆ. 6ಬಿ ಮೊದಲೇ ಬಳಿದರೆ ಕಾಗದದ ತಗ್ಗುಗಳು ಗ್ರಾಫೈಟಿನಿಂದ ತುಂಬಿ ನುಣುಪಾಗುತ್ತವೆ. ಅದರ ಮೇಲೆ 2ಎಚ್ ಎಳೆದರೆ ಹಿಡಿತ ಸಿಗದೆ ಜಾರುತ್ತದೆ, ತಂತಿಯ ಗೆರೆ ಕಾಣುವುದೇ ಇಲ್ಲ.